ಟ್ರಂಕಿನಲ್ಲಿ ಸಿಕ್ಕ ಯೇತಿ ಪುಸ್ತಕ: 1974 ಅಂತ ಇದ್ದರೆ ಮೊದಲ ಮುದ್ರಣವೇ?

ಪ್ರಶ್ನೆ: ದೊಡ್ಡಪ್ಪನ ಹಳೇ ಟ್ರಂಕಿನಲ್ಲಿ ಒಂದು ಇಂಗ್ಲಿಷ್ ಪೇಪರ್‌ಬ್ಯಾಕ್ ಸಿಕ್ಕಿತು. ಹೆಸರು ‘ಡಾಕ್ಟರ್ ಹೂ ಅಂಡ್ ದಿ ಅಬಾಮಿನಬಲ್ ಸ್ನೋಮೆನ್’. ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಟಿವಿ ಸರಣಿಯಲ್ಲಿ ಬಂದ ಯೇತಿಗಳ, ಅಂದರೆ ಹಿಮಮಾನವರ ಕತೆಯಂತೆ. ಬರೆದವರು ಟೆರನ್ಸ್ ಡಿಕ್ಸ್, ಪ್ರಕಾಶಕರು ಟಾರ್ಗೆಟ್. ಒಳಗೆ 1974 ಎಂದಿದೆ. ಆನ್‌ಲೈನಿನಲ್ಲಿ ಒಬ್ಬರು ಇದೇ ಪುಸ್ತಕಕ್ಕೆ ಸಾವಿರಾರು ರೂಪಾಯಿ ಹೇಳುತ್ತಿದ್ದಾರೆ. ‘ಸೀರೀಸಿನ ನಂಬರ್ 1, ಮೊದಲ ಮುದ್ರಣ’ ಅಂತ ಬೇರೆ ಬರೆದುಕೊಂಡಿದ್ದಾರೆ. ನನ್ನದೂ ಮೊದಲ ಮುದ್ರಣವೇ? ಅಷ್ಟು ಬೆಲೆ ಬಾಳುತ್ತದಾ? ಟಿವಿಯಲ್ಲಿ ಬಂದ ಕತೆಯನ್ನು ಪುಸ್ತಕದಲ್ಲಿ ಮತ್ತೆ ಯಾಕೆ ಓದುತ್ತಿದ್ದರು? ಬೆನ್ನು ಬಿಟ್ಟುಕೊಂಡಿದೆ, ಬೈಂಡಿಂಗ್ ಮಾಡಿಸಲಾ? ಎರಡು ಫೋಟೊ ಕಳಿಸಿದ್ದೇನೆ.
ಹಾಸನದ ಒಬ್ಬ ಓದುಗರು

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಉಳಿದವು ಕಾಯುತ್ತವೆ, ಇದು ಕಾಯುವುದಿಲ್ಲ. ಬೈಂಡಿಂಗ್ ಮಾಡಿಸಬೇಡಿ. ದಯವಿಟ್ಟು.

ನಮ್ಮ ಬೈಂಡಿಂಗ್ ಅಂಗಡಿಯವರು ಒಳ್ಳೆಯ ಕೆಲಸಗಾರರೇ, ಆದರೆ ಅವರ ಕೈ ಪಳಗಿರುವುದು ಪಠ್ಯಪುಸ್ತಕ, ಲೆಡ್ಜರು, ಥೀಸಿಸ್‌ಗಳ ಮೇಲೆ. ನಾನೂ ಒಮ್ಮೆ ಇದೇ ತಪ್ಪು ಮಾಡಿದ್ದೇನೆ. ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಸಿಕ್ಕಿದ ನನ್ನ ಮೊದಲ ಟಾರ್ಗೆಟ್ ಪುಸ್ತಕ, ಹಾಳೆಗಳು ಉದುರುತ್ತಿದ್ದವು ಅಂತ ಮನೆ ಹತ್ತಿರದ ಬೈಂಡರಿಗೆ ಕೊಟ್ಟೆ. ವಾರ ಬಿಟ್ಟು ಹೋದರೆ, ಮೂರೂ ಬದಿ ಮಷಿನ್ನಿನಲ್ಲಿ ಕತ್ತರಿಸಿ, ಬೆನ್ನಿಗೆ ಕ್ಯಾಲಿಕೋ ಬಟ್ಟೆ ಅಂಟಿಸಿ, ಮುಖಪುಟವನ್ನು ರಟ್ಟಿನ ಮೇಲೆ ಮೈದಾ ಅಂಟಿನಲ್ಲಿ ಮೆತ್ತಿ ಇಟ್ಟಿದ್ದರು. ಚಿತ್ರದ ಅಂಚು ಹೋಗಿತ್ತು, ಹಿಂಬದಿಯಲ್ಲಿ ಅಚ್ಚಾಗಿದ್ದ ಬೆಲೆ ಹೋಗಿತ್ತು, ಬೆನ್ನಿನ ಮೇಲಿದ್ದ ಹೆಸರಂತೂ ಬಟ್ಟೆಯ ಕೆಳಗೆ ಸಮಾಧಿ. ‘ಇನ್ನು ಐವತ್ತು ವರ್ಷ ಏನೂ ಆಗಲ್ಲ ಸಾರ್’ ಎಂದರು. ಮಾತು ಸುಳ್ಳಲ್ಲ, ಇವತ್ತಿಗೂ ಕಲ್ಲುಗುಂಡಿನ ಹಾಗಿದೆ. ಯಾರಿಗೂ ಬೇಡ, ಅಷ್ಟೇ.

ಸೆಲೋಟೇಪೂ ಬೇಡ. ಈಗ ಪಾರದರ್ಶಕವಾಗಿ ಚೆನ್ನಾಗಿ ಕಾಣುತ್ತದೆ, ಕೆಲವು ವರ್ಷಕ್ಕೆ ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗುತ್ತದೆ, ಟೇಪು ಉದುರುತ್ತದೆ, ಕಲೆ ಉಳಿಯುತ್ತದೆ. ಬಿಟ್ಟ ಹಾಳೆಗಳನ್ನು ಪುಟದ ಕ್ರಮದಲ್ಲಿ ಹಾಗೇ ಜೋಡಿಸಿ, ಪುಸ್ತಕವನ್ನು ಒಂದು ಕವರಿನಲ್ಲಿ ಮಲಗಿಸಿ ಇಡಿ. ಕವರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಯಾಕೆ ಓದುತ್ತಿದ್ದರು ಎನ್ನುವ ಪ್ರಶ್ನೆ. ನಿಜ ಹೇಳಬೇಕೆಂದರೆ ನಿಮ್ಮ ಪುಸ್ತಕದ ಬೆಲೆಯ ಲೆಕ್ಕಕ್ಕಿಂತ ಇದೇ ನನಗೆ ಜಾಸ್ತಿ ಇಷ್ಟದ ವಿಷಯ.

‘ಡಾಕ್ಟರ್ ಹೂ’ ಬಿಬಿಸಿಯಲ್ಲಿ ಶುರುವಾಗಿದ್ದು 1963ರ ನವೆಂಬರ್ 23ಕ್ಕೆ. (ಮೊದಲ ಕತೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಖನೌದಲ್ಲಿ. ಇದು ತುಂಬ ಜನಕ್ಕೆ ಗೊತ್ತಿಲ್ಲ.) ಡಾಕ್ಟರ್ ಅನ್ನುವವನು ಬೇರೆ ಲೋಕದವನು, ನೀಲಿ ಪೊಲೀಸ್ ಬಾಕ್ಸಿನಂತೆ ಕಾಣುವ ಯಂತ್ರದಲ್ಲಿ ಕಾಲ ಮತ್ತು ಆಕಾಶದಲ್ಲಿ ಅಲೆಯುವವನು. ನಿಮ್ಮ ಪುಸ್ತಕದ ಕತೆ ಟಿವಿಯಲ್ಲಿ ಬಂದದ್ದು 1967ರ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ, ವಾರಕ್ಕೊಂದರಂತೆ ಆರು ಕಂತು. ಆಗ ಡಾಕ್ಟರ್ ಪಾತ್ರ ಪ್ಯಾಟ್ರಿಕ್ ಟ್ರೌಟನ್ ಅವರದು. ಸ್ಕ್ರಿಪ್ಟ್ ಬರೆದವರು ಮರ್ವಿನ್ ಹೈಸ್ಮನ್ ಮತ್ತು ಹೆನ್ರಿ ಲಿಂಕನ್.

ಆ ಕಾಲದಲ್ಲಿ ಕಂತು ಬಂತು, ನೋಡಿದಿರಿ, ಮುಗಿಯಿತು. ಶನಿವಾರ ಸಂಜೆ ನೆಂಟರು ಬಂದುಬಿಟ್ಟರೆ ಆ ಕಂತು ಹೋಯಿತು ಅಂತಲೇ ಲೆಕ್ಕ. ನಮ್ಮಲ್ಲಿ ದೂರದರ್ಶನದ ಕಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಈ ಸರಣಿಯ ಮೊದಲ ವಿಡಿಯೊ ಕ್ಯಾಸೆಟ್ ಬಂದದ್ದು 1983ರಲ್ಲಿ, ಅದೂ ಸುಮಾರು 40 ಪೌಂಡಿಗೆ. ಹುಡುಗರ ಕೈಗೆ ಎಟುಕುವ ದುಡ್ಡಲ್ಲ.

ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿದೆ. ವಿಡಿಯೊ ಟೇಪು ದುಬಾರಿಯಾಗಿತ್ತು, ಮತ್ತೆ ಬಳಸಬಹುದಿತ್ತು. ಹಾಗಾಗಿ ಬಿಬಿಸಿ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ತುಂಬಿಸುತ್ತಿತ್ತು. ವಿದೇಶಕ್ಕೆ ಮಾರಲು ಮಾಡಿದ ಫಿಲ್ಮ್ ಪ್ರತಿಗಳನ್ನೂ ಕೆಲಸ ಮುಗಿದ ಮೇಲೆ ಎಸೆದರು. 1970ರ ದಶಕದ ಕೊನೆಯವರೆಗೆ ಇದು ನಡೆಯಿತು. ಆಮೇಲೆ ಹುಡುಕಾಟ ಶುರುವಾಯಿತು. ಒಂದು ಇಡೀ ಕತೆ 1992ರಲ್ಲಿ ಹಾಂಗ್‌ಕಾಂಗ್‌ನಿಂದ ವಾಪಸ್ ಬಂತು, 2013ರಲ್ಲಿ ನೈಜೀರಿಯಾದಲ್ಲಿ ಸಿಕ್ಕಿದ ಫಿಲ್ಮುಗಳು ಹೊರಬಂದವು. ಹಾಗಿದ್ದರೂ 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇವತ್ತಿಗೂ ಇಲ್ಲ. ನಿಮ್ಮ ಯೇತಿ ಕತೆಯ ಆರು ಕಂತಿನಲ್ಲಿ ಉಳಿದಿರುವುದು ಎರಡನೆಯದು ಮಾತ್ರ. ಧ್ವನಿ ಪೂರ್ತಿ ಇದೆ, ಅದೂ ಅಭಿಮಾನಿಗಳ ಪುಣ್ಯದಿಂದ. ಕಂತು ಬರುವಾಗ ಮನೆಯಲ್ಲೇ ಟಿವಿಯ ಧ್ವನಿಯನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟವರಿದ್ದರು. ಆ ಧ್ವನಿಗೆ ಅನಿಮೇಶನ್ ಹೊಂದಿಸಿ 2022ರಲ್ಲಿ ಡಿಸ್ಕ್ ಬಿಟ್ಟರು. ಅಂದರೆ 1974ರಿಂದ ಬಹಳ ವರ್ಷ, ಈ ಕತೆ ಒಬ್ಬ ಹುಡುಗನಿಗೆ ಬೇಕು ಎಂದರೆ ಇದ್ದದ್ದು ಈಗ ನಿಮ್ಮ ಕೈಯಲ್ಲಿರುವ ಈ ಸಣ್ಣ ಪುಸ್ತಕ ಒಂದೇ. ರಿವೈಂಡ್ ಬಟನ್ ಇಲ್ಲದ ಕಾಲದ ರಿವೈಂಡ್ ಬಟನ್ ಇದು.

ಟಾರ್ಗೆಟ್ ಅನ್ನುವುದು ಟ್ಯಾಂಡಮ್ ಎಂಬ ಲಂಡನ್ ಪ್ರಕಾಶನದ ಮಕ್ಕಳ ಪುಸ್ತಕಗಳ ಗುರುತು. 1960ರ ದಶಕದಲ್ಲೇ ಬೇರೆಯವರು ಹೊರತಂದಿದ್ದ ಮೂರು ಡಾಕ್ಟರ್ ಹೂ ಕಾದಂಬರಿಗಳನ್ನು 1973ರ ಮೇ ತಿಂಗಳಲ್ಲಿ ಅವರು ಮತ್ತೆ ಅಚ್ಚು ಹಾಕಿದರು. ಚೆನ್ನಾಗಿ ಹೋಯಿತು. ಹೊಸದು ಬೇಕು ಅಂತಾಯಿತು. ಸರಣಿಯ ಸ್ಕ್ರಿಪ್ಟ್ ಎಡಿಟರ್ ಆಗಿದ್ದ ಟೆರನ್ಸ್ ಡಿಕ್ಸ್ ಬರೆಯಲು ಕೂತರು, 1974ರ ಜನವರಿಯಲ್ಲಿ ಅವರದೊಂದು, ಮಾಲ್ಕಮ್ ಹಲ್ಕ್ ಅವರದೊಂದು ಬಂತು. ಅಲ್ಲಿಂದ 1994ರವರೆಗೆ 150ಕ್ಕೂ ಹೆಚ್ಚು ಪುಸ್ತಕಗಳಾದವು, ಅದರಲ್ಲಿ ಅರವತ್ತಕ್ಕೂ ಹೆಚ್ಚು ಡಿಕ್ಸ್ ಒಬ್ಬರದೇ. ನಿಮ್ಮದು ಬಂದದ್ದು 1974ರ ನವೆಂಬರಿನಲ್ಲಿ. ಟ್ರೌಟನ್ ಕಾಲದ ಕತೆಯೊಂದು ಕಾದಂಬರಿಯಾದದ್ದು ಅದೇ ಮೊದಲು.

ಡಿಕ್ಸ್ ಸಾಹಿತಿ ಅಂತ ಮೆರೆದವರಲ್ಲ. ಸಣ್ಣ ವಾಕ್ಯ, ಸಣ್ಣ ಅಧ್ಯಾಯ, ಅಧ್ಯಾಯದ ಕೊನೆಗೊಂದು ಆಪತ್ತು. ಕೆಲವು ಪುಸ್ತಕಗಳಲ್ಲಿ ಅವಸರವೂ ಕಾಣುತ್ತದೆ, ಸ್ಕ್ರಿಪ್ಟಿನ ಮಾತುಗಳ ಪಕ್ಕ ‘ಅಂದನು, ಹೋದನು’ ಸೇರಿಸಿದಷ್ಟೇ ಇರುತ್ತದೆ. ಆದರೆ 1974, 75ರವು ಹಾಗಲ್ಲ. ಅವು ಕೂತು ಬರೆದ ಪುಸ್ತಕಗಳು. ಟಿವಿಯವರು ಹಿಮಾಲಯ ಅಂತ ತೋರಿಸಿದ್ದು ವೇಲ್ಸಿನ ಒಂದು ಕಣಿವೆಯನ್ನು, ಅಲ್ಲಿ ಹಿಮವೇ ಇರಲಿಲ್ಲ. ಕಾಗದದ ಮೇಲೆ ಹಿಮಕ್ಕೇನು ಬರ, ಸುರಿಸಿದಷ್ಟೂ ಉಂಟು. ಯೇತಿ ವೇಷದೊಳಗಿದ್ದ ಮನುಷ್ಯ ಎಡವುವುದೂ ಕಾಣುವುದಿಲ್ಲ.

ಕತೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಕನ್ನಡದವರಿಗೆ ಇದರಲ್ಲೊಂದು ಮಜಾ ಇದೆ. 1935ರ ಟಿಬೆಟ್. ಡೆಟ್ಸೆನ್ ಎಂಬ ಮಠ. ಹಿಂದೆ ಒಮ್ಮೆ ಬಂದಿದ್ದಾಗ ಕಾಪಾಡಿ ಇಡಲು ತೆಗೆದುಕೊಂಡು ಹೋಗಿದ್ದ ಪವಿತ್ರ ವಸ್ತುವೊಂದನ್ನು ವಾಪಸ್ ಕೊಡಲು ಡಾಕ್ಟರ್ ಬರುತ್ತಾನೆ. ಆ ವಸ್ತುವಿನ ಹೆಸರು ಇಂಗ್ಲಿಷಿನಲ್ಲೂ ‘ಘಂಟಾ’ ಅಂತಲೇ ಇದೆ. ಹೌದು, ನಮ್ಮ ಗಂಟೆಯೇ. ಹೊರಗೆ ಯೇತಿಗಳು ಕೊಲ್ಲುತ್ತಿವೆ, ನೋಡಿದರೆ ಅವು ಪ್ರಾಣಿಗಳಲ್ಲ, ಎದೆಯೊಳಗೆ ಲೋಹದ ಗುಂಡು ಇಟ್ಟ ರೋಬಾಟ್‌ಗಳು. ಅವನ್ನು ಆಡಿಸುತ್ತಿರುವುದು ಮಠದೊಳಗೇ ಇರುವ ಮುನ್ನೂರು ವರ್ಷ ದಾಟಿದ ಒಬ್ಬ ಗುರು, ಆ ಗುರುವನ್ನು ಆಡಿಸುತ್ತಿರುವುದು ದೇಹವಿಲ್ಲದ ಒಂದು ಶಕ್ತಿ.

ಟಿವಿಯಲ್ಲಿ ಆ ಗುರುವಿನ ಹೆಸರು ಪದ್ಮಸಂಭವ! ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠಕ್ಕೆ ಹೋದವರೆಲ್ಲ ನೋಡಿದ್ದಾರೆ, ಗೋಲ್ಡನ್ ಟೆಂಪಲ್ಲಿನ ಮೂರು ದೊಡ್ಡ ಬಂಗಾರದ ಮೂರ್ತಿಗಳಲ್ಲಿ ಒಂದು ಆ ಪದ್ಮಸಂಭವರದೇ. ಅಂಥ ಪೂಜ್ಯರ ಹೆಸರನ್ನು ತಂದು ಖಳನ ಕೈಗೊಂಬೆಗೆ ಇಟ್ಟುಬಿಟ್ಟಿದ್ದರು. ಅಷ್ಟೇ ಅಲ್ಲ, ಇನ್ನಿಬ್ಬರು ಭಿಕ್ಷುಗಳಿಗೆ ಸಾಂಗ್‌ತ್ಸೆನ್, ಥೊನ್ಮಿ ಅಂತ ಹೆಸರು. ಒಂದು ಟಿಬೆಟ್ಟಿನ ಪ್ರಸಿದ್ಧ ದೊರೆಯದು, ಇನ್ನೊಂದು ಟಿಬೆಟನ್ ಲಿಪಿ ಮಾಡಿದವರು ಎಂದು ಹೇಳುವ ವಿದ್ವಾಂಸರದು. 1970ರ ದಶಕದ ಮೊದಲಲ್ಲಿ ಸರಣಿಯ ನಿರ್ಮಾಪಕರಾಗಿದ್ದ ಬ್ಯಾರಿ ಲೆಟ್ಸ್ ಅವರಿಗೆ ಬೌದ್ಧ ಧರ್ಮದ ಒಲವಿತ್ತು. ಇವೆಲ್ಲ ನಿಜವಾದ ಹಿರಿಯರ ಹೆಸರು ಕಣಯ್ಯ ಅಂತ ಅವರಿಂದ ತಿಳಿದ ಮೇಲೆ ಡಿಕ್ಸ್ ಕಾದಂಬರಿಯಲ್ಲಿ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿದರು. ನಿಮ್ಮ ಪ್ರತಿ ತೆಗೆದು ನೋಡಿ. ಥೊನ್ಮಿ ಇದ್ದದ್ದು ಥೊಮ್ನಿ ಆಗಿದೆ, ಪದ್ಮಸಂಭವದ ಸ್ಪೆಲ್ಲಿಂಗ್ ಓದಲು ನಾಲಿಗೆ ತಡವರಿಸುತ್ತದೆ. ಅಚ್ಚಿನ ತಪ್ಪು ಅಂದುಕೊಂಡವರಿದ್ದಾರೆ. ತಪ್ಪಲ್ಲ, ಬೇಕೆಂದೇ ಮಾಡಿದ್ದು.

ಸರಿ, ಮೊದಲ ಮುದ್ರಣದ ಮಾತು. 1974 ಎಂದು ಇರುವುದರಿಂದ ಏನೂ ಸಾಬೀತಾಗುವುದಿಲ್ಲ. ಅದು ಕಾಪಿರೈಟ್ ವರ್ಷ, ಎಷ್ಟು ಸಲ ಮರುಮುದ್ರಣವಾದರೂ ಅದು ಹಾಗೇ ಇರುತ್ತದೆ. ಟೈಟಲ್ ಪುಟದ ಹಿಂಬದಿ ತೆಗೆಯಿರಿ. ಸಣ್ಣಕ್ಷರದಲ್ಲಿ ಮೊದಲು ಪ್ರಕಟವಾದ ವರ್ಷ ಇರುತ್ತದೆ. ಅದರ ಕೆಳಗಿನ ಸಾಲು ನೋಡಿ. ಅಲ್ಲಿ ‘ರೀಪ್ರಿಂಟೆಡ್’ ಅಂತಲೋ, ಎರಡನೇ, ಮೂರನೇ ‘ಇಂಪ್ರೆಶನ್’ ಅಂತಲೋ ಇದ್ದರೆ ಮೊದಲನೆಯದಲ್ಲ. ಏನೂ ಇಲ್ಲದಿದ್ದರೆ ಆಸೆ ಇಟ್ಟುಕೊಳ್ಳಿ, ಆದರೆ ಇನ್ನೊಂದು ಹೆಜ್ಜೆ ಹೋಗಿ. ಪ್ರಕಾಶಕರ ಹೆಸರು ಪೂರ್ತಿ ಓದಿ. 1974ರದ್ದಾದರೆ ಟ್ಯಾಂಡಮ್ ಹೆಸರು ಇರಬೇಕು. ಆ ಕಂಪನಿ ಆಮೇಲೆ ಕೈ ಬದಲಾಯಿಸಿತು, ಮೊದಲು ವಿಂಡಮ್, ನಂತರ ಡಬ್ಲ್ಯೂ. ಎಚ್. ಆಲನ್ ಹೆಸರಿನಲ್ಲಿ ಪುಸ್ತಕಗಳು ಬಂದವು, ಕೊನೆಗೆ ವರ್ಜಿನ್ ತೆಕ್ಕೆಗೆ ಹೋಯಿತು. ಡಬ್ಲ್ಯೂ. ಎಚ್. ಆಲನ್ ಎಂದಿದ್ದರೆ ಅದು ಮೊದಲ ಮುದ್ರಣವಾಗಲು ಸಾಧ್ಯವಿಲ್ಲ.

ಒಳಗೆ ಕಪ್ಪು ಬಿಳುಪು ಚಿತ್ರಗಳಿವೆಯೇ ನೋಡಿ. ಶುರುವಿನ ಟಾರ್ಗೆಟ್‌ಗಳಲ್ಲಿ ಇರುತ್ತಿದ್ದವು, ಇದಕ್ಕೆ ಬರೆದವರು ಅಲನ್ ವಿಲ್ಲೋ. ಮುಖಪುಟ ಕ್ರಿಸ್ ಅಕಿಲಿಯೋಸ್ ಅವರದು. ಸೈಪ್ರಸ್‌ನಲ್ಲಿ ಹುಟ್ಟಿ ಲಂಡನ್ನಿಗೆ ಬಂದ ಕಲಾವಿದ. ಡಾಕ್ಟರನ ಮುಖವನ್ನು ಲೆನ್ಸ್ ಹಿಡಿದು ನೋಡಿ, ಗೆರೆಗಿಂತ ಚುಕ್ಕಿಗಳೇ ಜಾಸ್ತಿ. ಕೆನ್ನೆಯ ನೆರಳು ಅಂದರೆ ಒತ್ತೊತ್ತಾಗಿ ಇಟ್ಟ ಪೆನ್ನಿನ ಚುಕ್ಕಿ, ಹಣೆಯ ಬೆಳಕು ಅಂದರೆ ಚುಕ್ಕಿ ತೆಳುವಾದ ಜಾಗ. ಮುಖ ಕಪ್ಪು ಬಿಳುಪು, ಸುತ್ತ ಬಣ್ಣದ ಅಬ್ಬರ. ಎಷ್ಟೋ ಜನ ಈ ಪುಸ್ತಕಗಳನ್ನು ಕೂಡಿಡುವುದು ಒಳಗಿನ ಕತೆಗಲ್ಲ, ಈ ಚುಕ್ಕಿಗಳಿಗೆ. 1980ರ ದಶಕದಲ್ಲಿ ಹಲವು ಹಳೆಯ ಶೀರ್ಷಿಕೆಗಳಿಗೆ ಬೇರೆ ಕಲಾವಿದರಿಂದ ಹೊಸ ಮುಖಪುಟ ಹಾಕಿಸಿದರು, ನಿಮ್ಮದಕ್ಕೂ ಆಯಿತು. ಅಕಿಲಿಯೋಸ್ ಚಿತ್ರ ಇಲ್ಲದಿದ್ದರೆ ಮುಂದೆ ನೋಡುವುದೇ ಬೇಡ. ಇದ್ದ ಮಾತ್ರಕ್ಕೆ 1974 ಎಂದೂ ಅಲ್ಲ, ಯಾಕೆಂದರೆ ಅದೇ ಮುಖಪುಟದಲ್ಲಿ ಮರುಮುದ್ರಣಗಳೂ ಬಂದಿವೆ. 2011ರಲ್ಲಂತೂ ಬಿಬಿಸಿ ಬುಕ್ಸ್ ಅದೇ ಹಳೇ ಚಿತ್ರ ಹಾಕಿ, ಹೊಸ ಮುನ್ನುಡಿ ಸೇರಿಸಿ ಮತ್ತೆ ತಂದರು. ಅದರ ಕಾಗದ ಬೆಳ್ಳಗಿರುತ್ತದೆ, ಮೋಸ ಹೋಗುವ ಹಾಗಿಲ್ಲ.

ಆ ಆನ್‌ಲೈನ್ ಮಾರಾಟಗಾರರ ‘ನಂಬರ್ 1’ ಕತೆ ಕೇಳಿ, ನಗು ಬರುತ್ತದೆ. ಹತ್ತು ವರ್ಷ ಈ ಪುಸ್ತಕಗಳಿಗೆ ನಂಬರೇ ಇರಲಿಲ್ಲ. 1983ರ ಹೊತ್ತಿಗೆ ನಂಬರ್ ಕೊಡೋಣ ಅಂತ ಹೊರಟಾಗ ಅಷ್ಟರಲ್ಲಿ 73 ಪುಸ್ತಕಗಳಾಗಿದ್ದವು. ಅವನ್ನು ಬಂದ ಕ್ರಮದಲ್ಲಿ ಎಣಿಸದೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಎಣಿಸಿದರು. ‘ಅಬಾಮಿನಬಲ್’ ಎ ಅಕ್ಷರದಿಂದ ಶುರುವಾಗುವುದರಿಂದ ಅದಕ್ಕೆ 1 ಸಿಕ್ಕಿತು, ಅಷ್ಟೇ ಅದರ ಮಹಿಮೆ. ಹಾಗಾಗಿ ಪುಸ್ತಕದ ಮೇಲೆ 1 ಅಂತ ಅಚ್ಚಾಗಿದ್ದರೆ ಅದು 1983 ಅಥವಾ ಆಮೇಲಿನ ಪ್ರತಿ, ಮೊದಲ ಮುದ್ರಣವಂತೂ ಅಲ್ಲ. ‘ನಂಬರ್ 1’ ಮತ್ತು ‘ಮೊದಲ ಮುದ್ರಣ’ ಎರಡನ್ನೂ ಒಟ್ಟಿಗೆ ಹೇಳುವವರಿಗೆ ತಾವು ಏನು ಮಾರುತ್ತಿದ್ದೇವೆ ಅಂತ ಗೊತ್ತಿಲ್ಲ. ಅಥವಾ ನಿಮಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತಿದೆ.

ಬೆಲೆ. ಬೇಜಾರಾಗಬೇಡಿ, ಹಳೆಯದು ಅಂದರೆ ದುಬಾರಿ ಎನ್ನುವ ಲೆಕ್ಕ ಇಲ್ಲಿ ತಲೆಕೆಳಗು. 1970ರ ದಶಕದಲ್ಲಿ ಇವು ಬ್ರಿಟನ್ನಿನ ಹುಡುಗರ ಚೀಲ ಚೀಲಗಳಲ್ಲಿ ಇದ್ದವು, ಮರುಮುದ್ರಣದ ಮೇಲೆ ಮರುಮುದ್ರಣ. ಅಷ್ಟು ಅಚ್ಚಾದದ್ದು ಅಪರೂಪ ಹೇಗಾಗುತ್ತದೆ? ಅಲ್ಲಿನ ಹಳೇ ಪುಸ್ತಕದಂಗಡಿಗಳಲ್ಲಿ ಓದಿ ಸವೆದ ಪ್ರತಿಗಳು ಒಂದು ಕಾಫಿಯ ದುಡ್ಡಿಗೆ ಸಿಗುತ್ತವೆ. ಇಲ್ಲಿಗೆ ತರಿಸಿದರೆ ಪುಸ್ತಕಕ್ಕಿಂತ ಅಂಚೆ ವೆಚ್ಚ ಜಾಸ್ತಿ, ನೀವು ನೋಡಿದ ಬೆಲೆಯಲ್ಲಿ ಅದೂ ಸೇರಿರಬಹುದು. ಮತ್ತೆ, ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಸೈಟಿಗೆ ಕೋಟಿ ಹೇಳುತ್ತಾ ಹತ್ತು ವರ್ಷದಿಂದ ಬೋರ್ಡು ಹಾಕಿಕೊಂಡು ಕೂತವರು ಎಲ್ಲ ಊರಲ್ಲೂ ಇದ್ದಾರಲ್ಲ. ಮಾರಾಟ ಮುಗಿದ ಪಟ್ಟಿಯನ್ನು ಮಾತ್ರ ನಂಬಿ.

ನಿಜವಾಗಿ ಪೈಪೋಟಿ ಇರುವುದು ಕೊನೆಗಾಲದ ಪುಸ್ತಕಗಳಿಗೆ. 1980ರ ದಶಕದ ಕೊನೆಗೆ ಸರಣಿಯ ಜನಪ್ರಿಯತೆ ಇಳಿಯಿತು, ಅಚ್ಚು ಹಾಕುವುದೂ ಕಡಿಮೆಯಾಯಿತು. 1988ರ ‘ದಿ ವೀಲ್ ಇನ್ ಸ್ಪೇಸ್’ ಅಂತ ಒಂದಿದೆ, ಅದೂ ಡಿಕ್ಸ್ ಅವರದೇ, ಸಂಗ್ರಹಕಾರರ ಬಾಯಲ್ಲಿ ನೀರೂರಿಸುವ ಪುಸ್ತಕ. ಓದಲು ಅಂಥದ್ದೇನೂ ಅಲ್ಲ. ಕಡಿಮೆ ಅಚ್ಚಾಯಿತು, ಪೂರ್ತಿ ಸೆಟ್ ಮಾಡಬೇಕೆಂದವರಿಗೆಲ್ಲ ಅದೇ ಒಂದು ಸಿಗುವುದಿಲ್ಲ, ಹಾಗಾಗಿ ಏರಿ ಕೂತಿದೆ. ದೊಡ್ಡಪ್ಪನ ಟ್ರಂಕಿನಲ್ಲಿ ಇನ್ನೂ ಏನಾದರೂ ಇದ್ದರೆ ಮೊದಲು ಅದನ್ನು ಹುಡುಕಿ. ರಟ್ಟಿನ ಹೊದಿಕೆಯ ಆವೃತ್ತಿಗಳೂ ದುಬಾರಿಯೇ. ಹೆಚ್ಚಾಗಿ ಲೈಬ್ರರಿಗಳಿಗೆ ಅಂತ ಮಾಡಿದವು, ಅಲ್ಲೇ ಸವೆದು ಹೋದವು. ಸ್ಟಾಂಪ್ ಇಲ್ಲದೆ, ಜಾಕೆಟ್ ಸಮೇತ ಉಳಿದದ್ದು ಕಡಿಮೆ.

ನಿಮ್ಮ ಪ್ರತಿ ಮೊದಲ ಮುದ್ರಣವೇ ಆಗಿದ್ದರೂ ಬೆನ್ನು ಬಿಟ್ಟಿದೆ, ಫೋಟೊದಲ್ಲಿ ಮುಖಪುಟದ ಮೂಲೆ ಮಡಿಚಿದ್ದೂ ಕಾಣುತ್ತಿದೆ. ಈ ಸ್ಥಿತಿಯಲ್ಲಿ ದೊಡ್ಡ ಮೊತ್ತ ಯಾರೂ ಕೊಡುವುದಿಲ್ಲ. ಒಳಗಿನ ಮೊದಲ ಪುಟದಲ್ಲಿ ದೊಡ್ಡಪ್ಪ ನೀಲಿ ಶಾಯಿಯಲ್ಲಿ ಹೆಸರು ಬರೆದಿದ್ದಾರೆ, ಅದು ಮಾರುಕಟ್ಟೆಯ ಲೆಕ್ಕದಲ್ಲಿ ಕೊರತೆ. ದಯವಿಟ್ಟು ಅದನ್ನು ಉಜ್ಜಲು ಹೋಗಬೇಡಿ. ನಾನಾಗಿದ್ದರೆ ಆ ಹೆಸರು ಇರುವುದಕ್ಕೇ ಮಾರುತ್ತಿರಲಿಲ್ಲ.

ಇನ್ನು ಕಾಪಾಡುವುದು. ಇದು ಅಗ್ಗದ ಮರದ ತಿರುಳಿನ ಕಾಗದ, ಅದರೊಳಗಿನ ಲಿಗ್ನಿನ್ ಎಂಬ ಮರದ ಅಂಶ ಬೆಳಕು ಮತ್ತು ಗಾಳಿಗೆ ಹಳದಿಯಾಗುತ್ತದೆ, ಆಮ್ಲ ಹುಟ್ಟಿ ಹಾಳೆ ಪೆಡಸಾಗುತ್ತದೆ. ಆಗಿರುವುದು ಆಯಿತು, ನಿಧಾನ ಮಾಡಬಹುದು ಅಷ್ಟೇ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ತೆಗೆದುಕೊಳ್ಳಿ. ಮೆತ್ತಗೆ, ಘಮ್ ಅಂತ ಪ್ಲಾಸ್ಟಿಕ್ ವಾಸನೆ ಹೊಡೆಯುವ ಪಿವಿಸಿ ಕವರು ಬೇಡ, ಅದು ಮುಖಪುಟಕ್ಕೆ ಅಂಟಿಕೊಳ್ಳುತ್ತದೆ. ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲದಲ್ಲಿ ಬದಲಾಯಿಸಿ. ಹಾಸನ ಪರವಾಗಿಲ್ಲ, ಸಕಲೇಶಪುರ ದಾಟಿದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕ ಇಡುವುದೇ ಒಂದು ವ್ರತ. ಅಜ್ಜಿಯ ಕಾಲದ ಹಾಗೆ ಪುಟಗಳ ನಡುವೆ ಬೇವಿನ ಸೊಪ್ಪು ಇಡಬೇಡಿ, ಎಲೆಯ ಆಕಾರದ ಕಲೆ ಉಳಿಯುತ್ತದೆ. ನುಸಿಗುಳಿಗೆಯೂ ಕವರಿನೊಳಗೆ ಬೇಡ. ಗೋಡೆಗೆ ಒತ್ತಿದ ಕಬ್ಬಿಣದ ಬೀರುವಿನ ಕೆಳ ಅರೆಗೆ ಬದಲು ನಡುವಿನ ಅರೆಯಲ್ಲಿ ಇಡಿ, ಗೆದ್ದಲು ಬಂದರೂ ನಿಮಗೆ ಮೊದಲೇ ಗೊತ್ತಾಗುತ್ತದೆ. ಓದಬೇಕು ಅನಿಸಿದರೆ 2011ರ ಆವೃತ್ತಿ ಹುಡುಕಿ ಓದಿ, ಇದನ್ನು ಇನ್ನು ಬಗ್ಗಿಸಬೇಡಿ.

ನೀವು ಕಳಿಸಿದ ಎರಡನೇ ಫೋಟೊ ಆ ಟೈಟಲ್ ಪುಟದ ಹಿಂಬದಿಯದೇ ಇರಬೇಕು. ಫ್ಲ್ಯಾಶ್ ಸರಿಯಾಗಿ ನಡುವಿಗೇ ಹೊಡೆದು, 1974ರ ಕೆಳಗೆ ಇರಬೇಕಾದ ಸಾಲು ಪೂರ್ತಿ ಬೆಳ್ಳಗಾಗಿದೆ. ಬೆಳಿಗ್ಗೆ ಕಿಟಕಿಯ ಹತ್ತಿರ ಇಟ್ಟು, ಫ್ಲ್ಯಾಶ್ ಆಫ್ ಮಾಡಿ, ಆ ಒಂದು ಪುಟ ಮತ್ತೆ ತೆಗೆದು ಕಳಿಸಿ. ಹಿಂಬದಿಯ ಬೆಲೆ ಕಾಣುವ ಹಾಗೆ ಇನ್ನೊಂದು ಇರಲಿ.